ಬಿಳಿ ಬುದ್ಧನ ಹಣೆ

ಮೂರ್ತಿ ಸುಡುವ ಒಲೆಯ ಬಾಗಿಲು ತೆಗೆದಾಗ ನಾನು ಅಲ್ಲೇ ಇದ್ದೆ. ನನ್ನ ಹೆಂಡತಿ ಸಂಘಮಿತ್ರಾ ಮಾಡಿದ ಬುದ್ಧ ಒಳಗೆ ಕೂತಿದ್ದ. ಮೈಯೆಲ್ಲ ಹಾಲಿನ ಬಿಳುಪು. ಹಣೆಯ ನಡುವಿನಿಂದ ಎಡಗೆನ್ನೆಯ ತನಕ ಮಾತ್ರ ಗುಲಾಬಿ ಬಣ್ಣ, ಯಾರೋ ಕುಂಕುಮದ ಬೆರಳನ್ನು ಎಳೆದ ಹಾಗೆ. ಸಂಘಮಿತ್ರಾ ಬುದ್ಧನನ್ನು ಹೆಚ್ಚು ಹೊತ್ತು ನೋಡಲಿಲ್ಲ, ಪಕ್ಕದಲ್ಲಿ ನಿಂತಿದ್ದ ಗೆಳತಿ ಹೇಮಲತಾಳ ಬೆರಳುಗಳನ್ನು ನೋಡಿದಳು. ಅವಳ ಆ ನೋಟ ನನಗೆ ಗೊತ್ತು.

ಈ ಮಣ್ಣಿನ ಹುಚ್ಚು ಶುರುವಾದದ್ದು ಒಂದು ಬೇಸಿಗೆ ರಜೆಯಲ್ಲಿ. ಸಂಘಮಿತ್ರಾ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ನಾನು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರ ಸ್ಟೋರ್ಸ್‌ನಲ್ಲಿದ್ದೇನೆ. ಮಣ್ಣಿನಲ್ಲಿ ಮೂರ್ತಿ ಮಾಡಿ, ಸುಟ್ಟು, ಅದಕ್ಕೆ ಗಾಜಿನ ಹೊಳಪು ಕೊಡುವ ಗ್ಲೇಜ್ ಬಳಿದು ಮತ್ತೆ ಸುಡುವ ವಿದ್ಯೆಯನ್ನು ಅವಳು ಮೈಸೂರಿನ ಕೃಷ್ಣಕುಮಾರ್ ಮೇಷ್ಟ್ರ ಹತ್ತಿರ ಕಲಿತು ಬಂದಳು. ಅಂದಿನಿಂದ ನಮ್ಮ ಬಚ್ಚಲಲ್ಲಿ ಬಟ್ಟೆಗಿಂತ ಜೇಡಿಮಣ್ಣೇ ಹೆಚ್ಚು ನೆನೆಯುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರು ಧಾರಾಳ, ಮೊಸರನ್ನು ನಾನೇ ಅಂಗಡಿಯಿಂದ ತರಬೇಕು.

ಹೆಮ್ಮಿಗೆಯ ಹೇಮಲತಾ ಸಿಕ್ಕಿದ್ದು ಅದೇ ಕ್ಲಾಸಿನಲ್ಲಿ. ಅಂಗನವಾಡಿ ಟೀಚರ್. ಹುಂಜ, ಎತ್ತು ಮಾಡುವುದರಲ್ಲಿ ಅವಳ ಕೈ ಬಲು ಚುರುಕು. ಅವಳ ಗಂಡ ರಘು ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಗಿರಣಿ ಇದ್ದಲ್ಲಿ ತ್ರೀ ಫೇಸ್ ಕರೆಂಟು ಇರುತ್ತದೆ, ಮಣ್ಣು ಸುಡುವ ಕರೆಂಟು ಒಲೆಗೂ ಅದೇ ಬೇಕು. ಹಾಗಾಗಿ ಇಬ್ಬರೂ ಸೇರಿ ಹಳೆಯ ಒಲೆಯೊಂದನ್ನು ಕೊಂಡು ಗಿರಣಿಯ ಹಿಂದಿನ ಕೋಣೆಯಲ್ಲಿ ಇಟ್ಟರು. ಭಾನುವಾರ ನಾನು ಓಮ್ನಿಯಲ್ಲಿ ಹೆಂಡತಿಯನ್ನೂ ಅವಳ ಮೂರ್ತಿಗಳನ್ನೂ ಟಿ. ನರಸೀಪುರದ ಮೇಲೆ ಹೆಮ್ಮಿಗೆಗೆ ಕರೆದೊಯ್ಯುವುದು, ಇಬ್ಬರೂ ಒಲೆಯೊಳಗೆ ಜೋಡಿಸುವುದು. ಸೋಮವಾರ ಗಿರಣಿಗೆ ರಜೆ, ಅಂದು ಬೆಳಿಗ್ಗೆ ಹೇಮಲತಾ ಸ್ವಿಚ್ ಹಾಕುತ್ತಾಳೆ. ಮುಂದಿನ ಭಾನುವಾರ ತೆಗೆಯುವುದು.

ಸ್ವಿಚ್ ಹಾಕುವ ಮುಂಚೆ ಅವಳು ಒಲೆಯ ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚುತ್ತಾಳೆ. ಗಿರಣಿಯ ಮೋಟಾರಿಗೂ ಹಾಗೇ. ನಮ್ಮದು ಬುದ್ಧನ ಮನೆ, ಪೂಜೆ ಪುನಸ್ಕಾರ ಬಿಟ್ಟು ಬಹಳ ಕಾಲವಾಯಿತು. ಸಂಘಮಿತ್ರಾ ಆ ಕುಂಕುಮವನ್ನು ಕಂಡೂ ಕಾಣದವಳಂತೆ ಇದ್ದಳು. ಆದರೆ ಎಲ್ಲವನ್ನೂ ಒಳಗೆ ಕೂಡಿಡುತ್ತಿದ್ದಳು. ಹೇಮಲತಾಳ ಅತ್ತೆ ನಮಗೆ ಪೇಪರ್ ಕಪ್ಪಿನಲ್ಲಿ ಟೀ ಕೊಡುತ್ತಾರೆ.

"ಅವರ ಮನೇಲಿ ಲೋಟ ಇಲ್ವೇನ್ರೀ?" ಅಂತ ಒಂದು ಸಲ ದಾರಿಯಲ್ಲಿ ಕೇಳಿದಳು.

"ಗಿರಣಿಗೆ ಬರೋರಿಗೆಲ್ಲ ಅದೇ ಕಪ್ಪು ಕಣೇ."

"ನಾವು ಗಿರಣಿಗೆ ಬಂದೋರಾ?"

ನಾನು ಗೇರ್ ಬದಲಿಸಿದೆ. ಇಂಥ ಪ್ರಶ್ನೆ ನಮ್ಮಂಥವರಿಗೆ ಸುಮ್ಮನೆ ಹುಟ್ಟುವುದಿಲ್ಲ ಎನ್ನುವುದು ನನಗೆ ಗೊತ್ತು.

ಈ ಬುದ್ಧನನ್ನಂತೂ ಅವಳು ಷೋಕಿಗೆ ಮಾಡಿದ್ದಲ್ಲ. ಚಿಕ್ಕಯ್ಯನಛತ್ರದಲ್ಲಿ ನನ್ನ ಮಾವ ಪುಟ್ಟಬಸವಯ್ಯನವರು ಬೀದಿಯವರನ್ನೆಲ್ಲ ಸೇರಿಸಿ ಪುಟ್ಟದೊಂದು ವಿಹಾರ ಕಟ್ಟಿಸಿದ್ದಾರೆ. ಬುದ್ಧ ಪೂರ್ಣಿಮೆಗೆ ಅಲ್ಲಿ ಮಗಳ ಕೈಯ ಬುದ್ಧನೇ ಕೂರಬೇಕು ಎಂದು ಅವರ ಆಸೆ. ಅದಕ್ಕೇ ತವರ ಬೆರೆಸಿದ ಬಿಳಿ ಗ್ಲೇಜ್ ಹಾಕಿದಳು. ಹಿಂದೆ ನಿಲ್ಲಿಸಲು ಬೇರೆಯಾಗಿ ಒಂದು ಅರಳಿ ಎಲೆ, ಅದಕ್ಕೆ ಕಡು ಹಸಿರು. ಒಲೆಯಲ್ಲಿ ಜಾಗ ಸಾಲದೆ ಎಲೆಯನ್ನು ಬುದ್ಧನ ಎಡಗೆನ್ನೆಗೆ ಹತ್ತಿರವಾಗಿ ನಿಲ್ಲಿಸಿ ಬಾಗಿಲು ಹಾಕಿದಳು.

ತೆಗೆದಾಗ ಕಂಡದ್ದು ಆ ಗುಲಾಬಿ.

"ಏನಿದು, ಹೇಮ?"

"ಗೊತ್ತಿಲ್ಲ ಕಣಕ್ಕ. ನಾನೂ ಈಗ್ಲೇ ನೋಡ್ತಿರದು."

"ಸ್ವಿಚ್ ಹಾಕೋಕ್ ಮುಂಚೆ ಬಾಗ್ಲು ತೆಗ್ದಿದ್ಯಾ?"

"ಯಾಕ್ ತೆಗೀಲಿ?"

"ಹಣೆಗೆ ಇಡೋಕೆ."

ನಾನು ಮಧ್ಯೆ ಬಾಯಿ ಹಾಕಿದೆ. "ಆ ಶಾಖದಲ್ಲಿ ಕುಂಕುಮ ಉಳಿಯುತ್ತೇನೇ? ಸುಟ್ಟು ಹೋಗಿರುತ್ತೆ."

"ಕುಂಕುಮ ಉಳಿಯಲ್ಲ. ಹುಂಜದ ಜುಟ್ಟಿಗೆ ಹಚ್ಚೋ ಗುಲಾಬಿ ಬಣ್ಣ ಉಳಿಯುತ್ತೆ. ಆ ಡಬ್ಬಿ ಯಾರ ಹತ್ರ ಇದೆ?"

ಡಬ್ಬಿ ಹೇಮಲತಾಳ ಹತ್ತಿರವೇ ಇತ್ತು. ಗಣಿತದ ಟೀಚರ್ ಅಲ್ಲವೇ, ಅನುಮಾನವನ್ನೂ ಲೆಕ್ಕದ ಹಾಗೆ ಬಿಡಿಸುತ್ತಾಳೆ.

ಹೇಮಲತಾಳ ಮುಖ ಕೆಂಪಾಯಿತು. "ನಂಜುಂಡನಾಣೆ ಕಣಕ್ಕ, ನಾನು ಮುಟ್ನಿಲ್ಲ."

"ನಿನ್ನ ದೇವ್ರ ಮೇಲೆ ಆಣೆ ಇಟ್ರೆ ನಾನ್ಯಾಕ್ ನಂಬ್ಲಿ?"

"ಸರಿ, ನಿನ್ನ ಬುದ್ಧನಾಣೆ."

"ಬುದ್ಧನ ಮೇಲೆ ಆಣೆ ಇಡೋ ಪದ್ಧತಿ ಇಲ್ಲ. ನಮ್ಮಲ್ಲಿ ಬರೀ ಮಾತು."

"ಹಂಗಾದ್ರೆ ಮಾತೇ ತಗೊ. ನಾನು ಮುಟ್ನಿಲ್ಲ."

ಸಂಘಮಿತ್ರಾ ಅದನ್ನೂ ತೆಗೆದುಕೊಳ್ಳಲಿಲ್ಲ. ಬುದ್ಧನಿಗೆ ಟವೆಲ್ ಸುತ್ತಿ ಎತ್ತಿಕೊಂಡಳು. ಎಲೆಯನ್ನು ಅಲ್ಲೇ ಬಿಟ್ಟಳು. ಆ ಮನೆಯ ಟೀಯೂ ಬೇಡ ಅಂದಳು.

ಅಲ್ಲಿಂದ ನೇರ ಚಿಕ್ಕಯ್ಯನಛತ್ರಕ್ಕೆ, ಅವಳ ಅಪ್ಪನ ಮನೆಗೆ ಹೋದೆವು. ಮಾವನವರು ಬುದ್ಧನನ್ನು ಬೆಳಕಿಗೆ ಹಿಡಿದು ನೋಡಿದರು. "ಬ್ಯಾಡ ಕಣ್ಮಗ. ಇವತ್ತು ಹಣೇಲಿ ಕೆಂಪು ಕಂಡ್ರೆ ನಾಳೆ ಕಾಯಿ ಒಡೀತಾರೆ, ನಾಡಿದ್ದು ಒಬ್ಬ ಪೂಜಾರಿ ಬಂದು ಕೂತ್ಕತಾನೆ," ಅಂದರು. ಯಾರು ಮಾಡಿದ್ದು ಅಂತ ಕೇಳಿದವರಿಗೆಲ್ಲ ಸಂಘಮಿತ್ರಾ ಹೇಮಲತಾಳ ಹೆಸರು ಹೇಳಿದಳು. ಬೇಕೆಂದೇ ಮಾಡಿದ್ದಾಳೆ, ನಮ್ಮನ್ನು ನಮ್ಮ ಪಾಡಿಗೆ ಬಿಡೋದಿಲ್ಲ ಇವರು, ಅಂದಳು. ಬೀದಿಯಲ್ಲಿ ಆ ಮಾತಿಗೆ ಸಾಕ್ಷಿ ಬೇಕಾಗಲಿಲ್ಲ. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಪೇಪರ್ ಕಪ್ಪಿನ ಕಥೆ ಇತ್ತು.

ಆ ವಾರ ಹೇಮಲತಾ ಒಂದು ಫೋಟೋ ಕಳಿಸಿದಳು. ಒಲೆಯ ಬಾಗಿಲನ್ನು ಉಜ್ಜಿ ತೊಳೆದು, ಅರಿಶಿನ ಕುಂಕುಮದ ಗುರುತೇ ಇಲ್ಲದ ಹಾಗೆ ಮಾಡಿದ್ದಳು.

"ನೋಡಿದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲು," ಅಂದಳು ಸಂಘಮಿತ್ರಾ.

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಒಂದೇ ಮನೆಯಲ್ಲಿ ಇರುವವರಿಗೆ ನೆಗಡಿಯ ಹಾಗೆ ಅನುಮಾನವೂ ಅಂಟುತ್ತದೆ. ಹೋದ ವರ್ಷ ಸಂಘಮಿತ್ರಾ ಮಾಡಿದ ಆನೆಯ ಸೊಂಡಿಲು ಒಲೆಯಲ್ಲಿ ಬಿರುಕು ಬಿಟ್ಟದ್ದು ನೆನಪಾಯಿತು. ಅದೂ ತಾನಾಗಿ ಬಿಟ್ಟದ್ದೋ ಇಲ್ಲವೋ ಅಂತ ನಾನೇ ಕೇಳಿದೆ.

ಅವಳು ಹೊಸ ಬುದ್ಧನನ್ನು ಮಾಡಿದಳು, ಹೊಸ ಎಲೆಯನ್ನೂ ಮಾಡಿದಳು. ಈ ಸಲ ಮೈಸೂರಿಗೆ, ಕೃಷ್ಣಕುಮಾರ್ ಮೇಷ್ಟ್ರ ಒಲೆಗೆ ಒಯ್ದೆವು. ಯಾರೂ ಕೈ ಹಾಕುವ ಹಾಗಿಲ್ಲ ಎಂದು ಬುದ್ಧನನ್ನೂ ಎಲೆಯನ್ನೂ ಮೊದಲಿನಂತೆಯೇ ತಾನೇ ಜೋಡಿಸಿದಳು, ತಾನೇ ಸ್ವಿಚ್ ಹಾಕಿದಳು, ಒಲೆ ಪೂರ್ತಿ ಕಾಯುವ ತನಕ ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಕೋಣೆಯ ಬೀಗದ ಕೈ ಅವಳ ಪರ್ಸಿನಲ್ಲೇ ನಂಜನಗೂಡಿಗೆ ಬಂತು. ಮೇಷ್ಟ್ರು ಅದಕ್ಕೂ ಒಪ್ಪಿದರು, ಒಳ್ಳೆಯವರು.

ಒಲೆ ಆರಿದ ಮೇಲೆ ಹೋಗಿ ಬೀಗ ತೆಗೆದಳು. ಅದೇ ಹಣೆ, ಅದೇ ಎಡಗೆನ್ನೆ, ಅದೇ ಗುಲಾಬಿ.

ಮೇಷ್ಟ್ರು ಬಗ್ಗಿ ನೋಡಿ ನಕ್ಕುಬಿಟ್ಟರು. "ಹಸಿರಲ್ಲಿ ಕ್ರೋಮ್ ಇದೆ, ಬಿಳೀಲಿ ತವರ ಇದೆ. ಶಾಖಕ್ಕೆ ಕ್ರೋಮ್ ಆವಿಯಾಗಿ ಹಾರಿ ಪಕ್ಕದ ಬಿಳೀ ಮೇಲೆ ಕೂತ್ರೆ ಹೀಗೇ ಗುಲಾಬಿ ಬರೋದು. ಎರಡನ್ನೂ ಒಟ್ಟಿಗೆ ಸುಡಬೇಡಿ ಅಂತ ಕ್ಲಾಸಲ್ಲಿ ಹೇಳಿದ್ದೆನಲ್ಲಮ್ಮ."

ಸಂಘಮಿತ್ರಾ ಬುದ್ಧನನ್ನೂ ಎಲೆಯನ್ನೂ ಬೇರೆ ಬೇರೆ ಟವೆಲ್ಲಿನಲ್ಲಿ ಸುತ್ತಿದಳು. ಆಮೇಲೆ, "ಹೆಮ್ಮಿಗೆಗೆ ಹೋಗೋಣ ನಡೀರಿ," ಅಂದಳು. ನನಗೂ ನಾಚಿಕೆಯಾಗಿತ್ತು.

ಹೇಮಲತಾ ಗಿರಣಿಯ ಮುಂದೆ ರಾಗಿ ಚೀಲದ ಬಾಯಿ ಕಟ್ಟುತ್ತಿದ್ದಳು. ಸಂಘಮಿತ್ರಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಪ್ಪಾಯಿತು ಅಂದಳು. ಹೇಮಲತಾ ಗಂಟು ಹಾಕಿ ಮುಗಿಸಿ ತಲೆ ಎತ್ತಿದಳು.

"ಒಲೆ ಹೇಳುದ್ ಮ್ಯಾಲೆ ನಂಬುದ್ರಿ. ನಾನ್ ಹೇಳ್ದಾಗ ನಂಬ್ನಿಲ್ಲ."

ಅಕ್ಕ ಎನ್ನುವ ಮಾತು ಹೋಗಿತ್ತು, ನೀನು ಎನ್ನುವುದೂ ಹೋಗಿತ್ತು. ಒಳಗಿನಿಂದ ಒಂದು ಬೀಗದ ಕೈ ತಂದು ಸಂಘಮಿತ್ರಾಳ ಅಂಗೈಯಲ್ಲಿ ಇಟ್ಟಳು.

"ಒಲೇಲಿ ನಿಮ್ದೂ ಪಾಲದೆ. ಬಂದು ಸುಟ್ಕಳಿ. ನೀವು ಬರೋ ದಿಸ ನಾವ್ಯಾರೂ ಮನೇಲಿರಾಕಿಲ್ಲ, ತವರಿಗೆ ಓಯ್ತೀವಿ. ಆಗ ನಿಮ್ಗೆ ಅನುಮಾನ ಬರಾಕಿಲ್ಲ."

ಸಂಘಮಿತ್ರಾ ಬೇಡ ಅಂದಳು, ನೀನೇ ಸ್ವಿಚ್ ಹಾಕು ಅಂದಳು, ಕೈ ಹಿಡಿದುಕೊಂಡಳು. ಹೇಮಲತಾ ಮೆಲ್ಲಗೆ ಕೈ ಬಿಡಿಸಿಕೊಂಡು ಒಳಗೆ ಹೋದಳು. ಹೇಳಿದಂತೆಯೇ ಮಾಡಿದಳು. ನಾವು ಮತ್ತೊಬ್ಬ ಬುದ್ಧನನ್ನು ಒಯ್ದ ದಿನ ಮನೆಗೆ ಬೀಗ ಹಾಕಿತ್ತು. ಎಲೆಯಿಲ್ಲದೆ ಬುದ್ಧನೊಬ್ಬನನ್ನೇ ಒಳಗಿಟ್ಟು ಸುಟ್ಟೆವು. ಒಂದು ಚುಕ್ಕೆಯಿಲ್ಲದೆ ಬೆಳ್ಳಗೆ ಬಂದ.

ಪೂರ್ಣಿಮೆಯ ದಿನ ವಿಹಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಂದನೆ ಮುಗಿದ ಮೇಲೆ ಮಾವನವರು ಬುದ್ಧನ ಮುಂದೆ ನಿಂತು ಕಣ್ಣೊರೆಸಿಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು.

"ನೀನ್ ಯೋಳಿದ್ದೇ ದಿಟ ಕಣ್ಮಗ. ಆಯಮ್ಮ ಮನೇಲಿಲ್ದಾಗ ಸುಟ್ರೆ ಒಂದ್ ಕಲೆ ಇಲ್ಲ ನೋಡು."

"ಇಲ್ಲಪ್ಪ," ಅಂದಳು ಸಂಘಮಿತ್ರಾ. "ಅವಳು ಮುಟ್ಟಿರಲಿಲ್ಲ. ನನ್ನ ಎಲೆಯಿಂದ ಆಗಿದ್ದು. ಹಸಿರಿನ ಆವಿ ಬಂದು ಬಿಳೀಗೆ ಕೂತಿತ್ತು."

ಮಾವನವರು ಅವಳ ತಲೆ ಸವರಿದರು. "ಆಗ್ಲಿ ಬುಡು. ಸ್ನೇಹಿತೆ ಅಲ್ವಾ, ಬುಟ್ಕೊಡಬ್ಯಾಡ."

ಅವಳು ಚಿಕ್ಕಪ್ಪನಿಗೆ ಹೇಳಿದಳು. ಅತ್ತಿಗೆಗೆ ಹೇಳಿದಳು. ಊಟಕ್ಕೆ ಕೂತ ಪಂಕ್ತಿಯಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು, ಕ್ರೋಮ್ ಅಂದಳು, ತವರ ಅಂದಳು, ನನ್ನ ಮಾತು ನಂಬಿ ಅಂದಳು. ಪಾಯಸ ಬಡಿಸುತ್ತಿದ್ದ ನಾನು ಎಲ್ಲರ ಮುಖವನ್ನೂ ನೋಡಿದೆ. ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿದರು. ಯಾರೂ ನಂಬಲಿಲ್ಲ.