ಬಿಳಿ ಕಂಬದ ನಾಲ್ಕು ಡಿಗ್ರಿ

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಬಂತು. ವೃಂದಾ ಗ್ಯಾಸಿನ ಪುಸ್ತಕ ಹುಡುಕುತ್ತ ಗಂಡನ ಮೇಜಿನ ಖಾನೆ ಎಳೆದಳು. ಪುಸ್ತಕದ ಮೇಲೆ ನಾನಿದ್ದೆ. ನನ್ನನ್ನು ಪಕ್ಕಕ್ಕಿಟ್ಟು ಪುಸ್ತಕ ಒಯ್ದಳು. ಸಿಲಿಂಡರ್ ಒಳಗಿಡಿಸಿದಳು, ಹಾಲು ಕಾಯಿಸಿದಳು, ಆಮೇಲೆ ಮತ್ತೆ ಬಂದಳು. ನನ್ನ ಮುಚ್ಚಳ ತೆರೆದು ನೋಡಿ, "ಇದು ತಾಂಡೇಲ ಮಾಮನದು" ಎಂದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಒಂದು ದಿಕ್ಸೂಚಿ. ಅಂಗೈ ಅಗಲದ ಹಿತ್ತಾಳೆ ಡಬ್ಬಿ, ಒಳಗೆ ಅಂಕಿಗಳ ಬಿಲ್ಲೆ, ಮುಚ್ಚಳದಲ್ಲಿ ಕನ್ನಡಿ. ನನ್ನನ್ನು ಎದೆಗೆ ಆನಿಸಿ ಹಿಡಿದು, ದೂರದ ಗುರುತು ಕನ್ನಡಿಯಲ್ಲಿ ಕಂಡಾಗ ಕೆಳಗಿನ ಅಂಕಿ ಓದಬೇಕು. ಆ ಗುರುತು ಯಾವ ದಿಕ್ಕಿಗಿದೆ ಎಂದು ಅದು ಹೇಳುತ್ತದೆ. ಮುಂಬಯಿಯ ಹಡಗುಕಟ್ಟೆಯ ಹತ್ತಿರದ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಹೆಂಚು ಸಾಗಿಸುವ ಲಾಂಚಿನಲ್ಲಿ ಇಪ್ಪತ್ತು ವರ್ಷ ದುಡಿದೆ. ಲಾಂಚನ್ನು ಒಡೆಯುವಾಗ ಅದರ ಕಪ್ತಾನ ನನ್ನನ್ನು ತನ್ನ ಕೈಕೆಳಗಿದ್ದ ಪುರಸು ತಾಂಡೇಲನಿಗೆ ಕೊಟ್ಟ.

ಪುರಸು ತಾಂಡೇಲನಿಗೆ ಈಗ ಎಪ್ಪತ್ತು. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆಯ ಬಳಿ ಅವನ ದೋಣಿಮನೆ. ಹವ್ಯಾಸಕ್ಕೆ ದೋಣಿ ನಡೆಸುವವರಿಗೆ ಅಲ್ಲಿ ಭಾನುವಾರದ ಪಾಠ. ಎರಡು ವರ್ಷದ ಹಿಂದೆ ಅಲ್ಲಿಗೆ ಗಂಡಹೆಂಡತಿ ಉಲ್ಲಾಸ ಮತ್ತು ವೃಂದಾ ಬಂದರು. ಅವನು ಅಂಚೆ ಕಚೇರಿಯವನು, ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು.

ಮೊದಲ ದಿನ ತಾಂಡೇಲ ಅವರಿಗೆ ದೋಣಿ ಮುಟ್ಟಲೂ ಬಿಡಲಿಲ್ಲ. ಲೈಫ್ ಜಾಕೆಟ್ ಹಾಕಿಸಿ ಕಟ್ಟೆಯಿಂದ ನೀರಿಗೆ ಹಾರಿಸಿದ. ಎರಡನೆಯ ವಾರ ಹಗ್ಗದ ಗಂಟುಗಳು. ಉಲ್ಲಾಸನ ಗಂಟು ಎಳೆದ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ಪಾರ್ಸೆಲಿಗೂ ಹೀಗೇ ಕಟ್ಟುತ್ತೀಯೋ ಎಂದು ತಾಂಡೇಲ ಕೇಳಿದ. ಗೋಡೆಯ ಮೇಲೆ ಒಂದು ಕರಿಹಲಗೆ ಇತ್ತು. ಹೊರಡುವವರು ಅದರ ಮೇಲೆ ಹೆಸರು, ಮರಳುವ ಹೊತ್ತು ಬರೆಯಬೇಕು; ಬಂದ ಮೇಲೆ ತಾವೇ ಅಳಿಸಬೇಕು.

ಆಮೇಲೆ ನನ್ನ ಪಾಠ. ಕಟ್ಟೆಯ ಮೇಲೆ ನಿಂತು ಆಚೆ ದಡದ ಗುಡ್ಡದ ಬಿಳಿ ಕಂಬವನ್ನು ಓದಬೇಕು. ಹತ್ತಿರ ಕಬ್ಬಿಣ ಇರಬಾರದೆಂದು ತಾಂಡೇಲ ಮೊದಲೇ ಎಚ್ಚರಿಸಿದ. ಇಬ್ಬರೂ ಬೀಗದ ಕೈ, ಮೊಬೈಲು, ಗಡಿಯಾರ ತೆಗೆದಿಟ್ಟರು. ಉಲ್ಲಾಸ ಮುನ್ನೂರ ನಲವತ್ತೆರಡು ಎಂದ. ವೃಂದಾ ಮುನ್ನೂರ ನಲವತ್ತಾರು ಎಂದಳು. ಮತ್ತೆ ಓದಿದರು. ಮತ್ತೆ ಅದೇ.

ಒಂದೇ ದೋಣಿಯ ಇಬ್ಬರದೂ ಒಂದೇ ಅಂಕಿ ಬಂದರೆ ಮಾತ್ರ ತಾಂಡೇಲ ಕಲಿಕೆಯ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ. ಸಹಿ ಇಲ್ಲದೆ ಅಳಿವೆ ದಾಟಿ ಹೊರಗೆ ಹೋಗುವಂತಿಲ್ಲ. ಸರಿಯಾದ ಅಂಕಿ ಅವನಿಗೆ ಗೊತ್ತಿತ್ತು, ಆದರೆ ಹೇಳುತ್ತಿರಲಿಲ್ಲ. ತಾನು ಹೇಳಿದರೆ ಅದು ತನ್ನದು, ನೀವೇ ಕಂಡರೆ ನಿಮ್ಮದು ಎನ್ನುತ್ತಿದ್ದ. ಎಂ.ಎಸ್ಸಿ. ಮಾಡಿದ ತನಗೆ ಅಯಸ್ಕಾಂತದ ಪಾಠ ಬೇಡವೆಂದು ವೃಂದಾ ಹಟ ಹಿಡಿದಳು. ಸ್ಟಾಂಪಿನ ಮೇಲಿನ ಸಣ್ಣಕ್ಷರ ಓದುವ ಕಣ್ಣು ತನ್ನದೆಂದು ಉಲ್ಲಾಸ.

ನನಗೆ ಕಾರಣ ಗೊತ್ತಿತ್ತು. ಹೇಳಲು ನನಗೆ ಬಾಯಿಲ್ಲ.

ಒಂದು ಮಾಘದ ಬೆಳಿಗ್ಗೆ ಅವರು ಅಳಿವೆಯೊಳಗೇ ಆಚೆ ದಡಕ್ಕೆ ಹೊರಟರು. ಹೊರಡುವ ಮುಂಚೆ ವೃಂದಾ ಕಂಬ ಓದಿ ಮುನ್ನೂರ ನಲವತ್ತಾರು ಎಂದಳು. ನಡುನೀರಲ್ಲಿ ಮಂಜು ಕವಿದು ಕಂಬ ಮರೆಯಾಯಿತು. ಚುಕ್ಕಾಣಿಯ ಮುಂದೆ ದೋಣಿಯದೇ ಒಂದು ದಿಕ್ಸೂಚಿ ಇತ್ತು. ಉಲ್ಲಾಸ ಅದನ್ನು ನೋಡಿಕೊಂಡು, ವಾದ ಮಾಡದೆ, ಅವಳ ಅಂಕಿಗೇ ದೋಣಿ ತಿರುಗಿಸಿದ. ದೋಣಿ ಮರಳುದಿಬ್ಬಕ್ಕೆ ಹೋಗಿ ಕೂತಿತು. ಲಂಗರು ಹಾಕಿ, ಸೀಟಿ ಊದುತ್ತ, ನೀರೇರುವ ಭರತಕ್ಕೆ ಕಾಯುತ್ತ ಇಬ್ಬರೂ ಅವಲಕ್ಕಿ ತಿಂದರು. ನೀರಿನ ಸೆಳೆತ ಬದಿಗೆ ತಳ್ಳಿತು ಎಂದು ಅವಳು. ಇರಬಹುದು ಎಂದು ಅವನು. ಹಲಗೆಯ ಮೇಲಿನ ಹೊತ್ತು ಮೀರಿತೆಂದು ತಾಂಡೇಲ ಮೋಟಾರು ದೋಣಿಯಲ್ಲಿ ಹುಡುಕುತ್ತ ಬಂದ. ಮರಳಿನ ಮೇಲೆ ಮನೆ ಮಾಡಿದ್ದೀರಾ, ನನಗೂ ಒಂದು ಕೋಣೆ ಕೊಡಿ ಎಂದ.

ಅಂದೇ ಉಲ್ಲಾಸ ನನ್ನನ್ನು ಒಂದು ವಾರಕ್ಕೆ ಕೇಳಿ ಪಡೆದ. ಅವರ ಮನೆಯ ಮಹಡಿಯಿಂದಲೂ ಕಂಬ ಕಾಣುತ್ತಿತ್ತು. ಅಲ್ಲಿ ಕೂತು ಜಗಳ ತೀರಿಸಿಕೊಂಡು ಬರುತ್ತೇವೆ ಎಂದ. ಮರುದಿನ ಅವನಿಗೆ ಜ್ವರ ಬಂತು. ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ನಾನು ಖಾನೆಯಲ್ಲೇ ಉಳಿದೆ.

ಗ್ಯಾಸ್ ಬಂದ ದಿನವೇ ವೃಂದಾ ನನ್ನನ್ನು ಕೈಚೀಲದಲ್ಲಿಟ್ಟುಕೊಂಡು ದೋಣಿಮನೆಗೆ ಹೋದಳು. ತಾಂಡೇಲ ಹಾಯಿಗೆ ತೇಪೆ ಹಾಕುತ್ತಿದ್ದ. ಸಮಾಧಾನದ ಮಾತು ಅವನಿಗೆ ಬರುವುದಿಲ್ಲ. ಎದ್ದು ಕುರ್ಚಿ ಒರೆಸಿದ. ಅವಳು ನನ್ನನ್ನು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಒಯ್ದ ದಿಕ್ಸೂಚಿ ಕೆಟ್ಟಿಲ್ಲ ಎಂದು ಕಂಬ ಓದಿ ತೋರಿಸಿಯೇ ಮರಳಿಸಬೇಕು. ಅಲ್ಲಿಯ ಪದ್ಧತಿ ಅದು.

"ಕಂಬ ಓದಿ ಕೊಡು ತಂಗಿ" ಎಂದ.

ಅವಳು ಚೀಲ, ಗಡಿಯಾರ ಕುರ್ಚಿಯ ಮೇಲಿಟ್ಟು ಕಟ್ಟೆಯ ತುದಿಗೆ ಹೋಗಿ ನನ್ನನ್ನು ಎದೆಗೆ ಆನಿಸಿದಳು. ಓದಿದಳು. ಕಣ್ಣುಜ್ಜಿ ಮತ್ತೆ ಓದಿದಳು. ಆಮೇಲೆ ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕರಿಮಣಿ ಸರವನ್ನು ಕ್ರಿಯೆಯ ಹತ್ತನೆಯ ದಿನ ತೆಗೆದಿಟ್ಟಿದ್ದರು. ಅದಕ್ಕೆ ಸಿಕ್ಕಿಸಿಕೊಂಡಿದ್ದ ಐದಾರು ಸೇಫ್ಟಿ ಪಿನ್ನುಗಳೂ ಅದರ ಜೊತೆಗೇ ಹೋಗಿದ್ದವು. ಸೆರಗಿಗೆ ಬೇಕಾದೀತೆಂದು ಮದುವೆಯಾದಂದಿನಿಂದ ಅಲ್ಲೇ ಇದ್ದವು. ಬೀಗದ ಕೈ ತೆಗೆದಿಟ್ಟವಳಿಗೆ ಅವು ನೆನಪಾಗಿರಲೇ ಇಲ್ಲ.

ಅವಳು ಹಿಂದಿರುಗಿ, ಈಗ ಸೆರಗಿಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಒಂದಷ್ಟು ಪಿನ್ನು ತೆಗೆದು ನನ್ನ ಹತ್ತಿರ ಹಿಡಿದಳು. ನಾನು ವಾಲಿದೆ. ದೂರ ಸರಿಸಿದಳು. ಮೊದಲಿನ ಜಾಗಕ್ಕೆ ಬಂದೆ. ಹೀಗೆ ಮೂರು ಸಲ. ಮೂರನೆಯ ಸಲ ಅವಳು ನಕ್ಕಳು. ಸಣ್ಣ ನಗೆ, ಆದರೆ ನಗೆಯೇ.

"ಮುನ್ನೂರ ನಲವತ್ತೆರಡು ಮಾಮ. ಅವರದೇ ಸರಿ ಇತ್ತು."

ತಾಂಡೇಲ ಒಳಗೆ ಹೋಗಿ ಕಲಿಕೆಯ ಪುಸ್ತಕ ತಂದ. ಎರಡು ಹೆಸರೂ ಒಂದೇ ಪುಟದಲ್ಲಿದ್ದವು. ಕನ್ನಡಕ ಏರಿಸಿ ಎರಡರ ಮುಂದೆಯೂ ನಿಧಾನವಾಗಿ ಸಹಿ ಹಾಕಿದ.

"ಇಬ್ಬರದೂ ಒಂದೇ ಬಂತಲ್ಲ" ಎಂದ.

ನನಗೆ ವಯಸ್ಸಾಗಿದೆ. ಕನ್ನಡಿಯ ಅಂಚು ಕಪ್ಪಾಗಿದೆ, ಮುಚ್ಚಳ ಸಡಿಲ. ಎಷ್ಟೋ ಕೈ ನನ್ನನ್ನು ಹಿಡಿದಿವೆ, ಹಿಡಿದ ಕೈಯ ಜೊತೆ ಏನು ಬಂದರೂ ಸ್ವಲ್ಪ ವಾಲಿದ್ದೇನೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ವೃಂದಾ ಸೆರಗಿನ ತುದಿಯಿಂದ ನನ್ನನ್ನು ಒರೆಸಿ, ಮುಚ್ಚಳ ಹಾಕಿ, ತಾಂಡೇಲನ ಅಂಗೈಯಲ್ಲಿ ಇಟ್ಟಳು.