ಕಾಯಿ ಒಣಗೋ ತನಕ

ಹೆಣ್ಣಿನ ಕಡೆಯವರು ಭಾನುವಾರ ಮನೆ ನೋಡಲು ಬರುತ್ತಾರೆಂದು ಗೊತ್ತಾದ ದಿನವೇ ಪರಮೇಶನ ಸೋದರಮಾವ ತೋಂಟದಾರ್ಯ ಅಟ್ಟದ ಕಡೆ ಕತ್ತೆತ್ತಿ ನೋಡಿ, "ಇದು ಸಾಲಾಕಿಲ್ಲ ಕಣ್ಲಾ" ಎಂದುಬಿಟ್ಟ.

ಅಟ್ಟದ ತುಂಬ ಇರಬೇಕಾದ ತೆಂಗಿನಕಾಯಿ ಒಂದು ಮೂಲೆಯಲ್ಲಿ ಮುದುರಿಕೊಂಡಿತ್ತು. ನೊಣವಿನಕೆರೆಯ ಆಸುಪಾಸಿನಲ್ಲಿ ಒಂದು ಮನೆಯ ಅನುಕೂಲ ತಿಳಿಯಬೇಕೆಂದರೆ ಯಾರೂ ಬೀರು ತೆಗೆಸುವುದಿಲ್ಲ, ಅಟ್ಟ ನೋಡುತ್ತಾರೆ. ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗಲಿ ಎಂದು ವರ್ಷದ ಹತ್ತಿರ ಕಾಯುವ ಜನ ಇವರು. ಆದರೆ ಮದುವೆಯ ವಿಷಯ ಬಂದರೆ ಒಂದು ವಾರ ಕಾಯುವ ತಾಳ್ಮೆಯೂ ಇಲ್ಲ.

ಇರುವುದಾದರೂ ಹೇಗೆ? ಎರಡನೆಯದೂ ಹೆಣ್ಣು ಎಂದಾಗ ಮುಖ ಸಿಂಡರಿಸಿದ ಊರುಗಳೇ ಈಗ ಹೆಣ್ಣು ಹುಡುಕಿಕೊಂಡು ಜಿಲ್ಲೆ ದಾಟುತ್ತಿವೆ. ಹುಟ್ಟಿದ ಕೆಲವು ಹುಡುಗಿಯರೂ ಓದಿ ಪೇಟೆ ಸೇರಿದರು. ಸಂಜೆ ಅರಳಿಕಟ್ಟೆಯ ಮೇಲೆ ಕೂರುವವರೆಲ್ಲ ಮೂವತ್ತು ದಾಟಿದ ಗಂಡುಗಳು. ಪಾಪ, ಅವರ ನಡವಳಿಕೆಯೇ ಬದಲಾಗಿದೆ. ಒಬ್ಬ ಗುಟ್ಕಾ ಬಿಟ್ಟ, ಇನ್ನೊಬ್ಬ ಫೇಶಿಯಲ್ ಮಾಡಿಸಿಕೊಂಡ. ಬಸ್ಸಿಗೆ ಒಬ್ಬ ಹುಡುಗಿ ಹತ್ತಿದರೆ ನಾಲ್ಕು ಜನ ಎದ್ದು ಸೀಟು ಬಿಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ತಿರುವುಮುರುವಾಗಿ, ಗಂಡೇ ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿ ಬರುವ ಕಾಲ ಇದು.

ಹೀಗಾಗಿ ಅವರವರಲ್ಲೇ ಒಂದು ಒಪ್ಪಂದವಾಗಿತ್ತು. ಯಾರ ಮನೆಗೆ ಹೆಣ್ಣಿನ ಕಡೆಯವರು ಬಂದರೂ ಉಳಿದವರು ಅಟ್ಟ ತುಂಬಿಸಿಕೊಡಬೇಕು. ಒಂದೇ ಸೋಫಾ, ಒಂದೇ ಗೋಡೆ ಗಡಿಯಾರ, ಅದೇ ಕಾಯಿ, ಟೆಂಪೋದಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಶನಿವಾರ ಪಕ್ಕದೂರಿನ ಹಾಲಸ್ವಾಮಿ ತನ್ನ ಕಾಯಿಯ ಜೊತೆ ಕೆಂಪು ಸೋಫಾವನ್ನೂ ತಂದಿಳಿಸಿ, "ನಾಳಿದ್ದು ಬೇಗ ಕಳಿಸ್ಲಾ, ನನಗೂ ಯಾರೋ ಬರೋ ಹಂಗವ್ರೆ" ಎಂದು ಹೋದ.

ಪರಮೇಶನಿಗೆ ಇದೆಲ್ಲ ಸಾಕಾಗಿತ್ತು. ಮೂವತ್ತೈದು ತುಂಬಿದವನು. ಬಂದವರು ತಿಂಡಿ ತಿಂದು, ತೋಟ ಸುತ್ತಿ, ಫೋನ್ ಮಾಡ್ತೀವಿ ಎಂದು ಹೋಗುತ್ತಿದ್ದರು. ಫೋನು ಬರುತ್ತಿರಲಿಲ್ಲ. ಅವನ ತಾಯಿ ಸಿದ್ದಗಂಗಮ್ಮ ಪ್ರತಿ ಸಲವೂ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಉಡುತ್ತಿದ್ದಳು, ಸಂಜೆ ಮತ್ತೆ ಮಡಿಸಿಡುತ್ತಿದ್ದಳು. ಭಾನುವಾರ ಬರುವವಳೂ ಒಲ್ಲೆ ಎಂದರೆ ಇನ್ನು ಅವ್ವನ ಕೈಲಿ ಆ ಸೀರೆ ತೆಗೆಸುವುದಿಲ್ಲ, ಮದುವೆಯ ಮಾತೇ ಬೇಡ ಎಂದು ಅವನು ಮನಸ್ಸಿನಲ್ಲಿ ನಿಶ್ಚಯಿಸಿದ್ದ.

ಭಾನುವಾರ ದಂಡಿನಶಿವರದಿಂದ ಇಂಪನಾ ತನ್ನ ತಂದೆ ಮತ್ತು ನಿರ್ಮಲಾ ಅತ್ತೆಯ ಜೊತೆ ಬಂದಳು. ತುರುವೇಕೆರೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಸೋಫಾದ ಮೇಲೆ ಕೂತವಳು ಅದರ ಕೈ ಸವರಿ ಒಮ್ಮೆ ಸಣ್ಣಗೆ ನಕ್ಕಳು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಹಿರಿಯರು ತೋಟಕ್ಕೆ ಹೊರಟಾಗ ಅವಳು ಎದ್ದು, "ನಾನು ಅಟ್ಟ ನೋಡ್ಬೇಕಲ್ಲ" ಎಂದಳು. ತೋಂಟದಾರ್ಯನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಹೆಣ್ಣು ಕೇಳಿದ್ದನ್ನು ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಏಣಿ ಇಟ್ಟರು.

ಮೇಲೆ ಅರೆಬೆಳಕು. ಪರಮೇಶ ಅವಳ ಹಿಂದೆಯೇ ಹತ್ತಿದ. ಅವಳು ಕಾಯಿಯ ರಾಶಿ ನೋಡುತ್ತ ನಿಂತಳು. ನಿಜ ಹೇಳಿದರೆ ಇವಳು ಕೈತಪ್ಪುತ್ತಾಳೆ, ಗೆಳೆಯರ ಗುಟ್ಟೂ ಬಯಲಾಗುತ್ತದೆ. ಹೇಳದಿದ್ದರೆ ನಾಳೆ ಮದುವೆಯಾಗಿ ಬಂದವಳು ಈ ಅಟ್ಟ ಬರಿದಾಗಿರುವುದನ್ನು ನೋಡುತ್ತಾಳೆ. ಆಗ ಅವಳ ಮುಖ ಹೇಗೆ ನೋಡುವುದು?

"ಇದ್ಯಾವ್ದೂ ನಮ್ದಲ್ಲ ಕಣ್ರೀ," ಎಂದುಬಿಟ್ಟ. "ಆ ಮೂಲೇಲಿ ಇರೋದು ಮಾತ್ರ ನಮ್ದು. ಸೋಫಾನೂ ನಮ್ದಲ್ಲ."

"ಸೋಫಾ ಗೊತ್ತು," ಎಂದಳು ಇಂಪನಾ. "ಹೋದ ತಿಂಗಳು ಹಾಲಸ್ವಾಮಿ ಅನ್ನೋರ ಮನೇಲೂ ಅದರ ಮೇಲೇ ಕೂತಿದ್ದೆ. ಕೈ ಮೇಲೆ ಊದುಬತ್ತಿ ಸುಟ್ಟಿರೋ ಕಲೆ ಐತೆ. ಅಪ್ಪಂಗೆ ಸೋಫಾಗಳೆಲ್ಲ ಒಂದೇ, ಗೊತ್ತಾಗಾಕಿಲ್ಲ."

ಪರಮೇಶನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳು ನಗುತ್ತಿರಲಿಲ್ಲ.

"ಎಲ್ಲ ಮನೇಲೂ ಒಂದೇ ಮಾತು ಕಣ್ರೀ. ಮಹಾರಾಣಿ ಹಂಗೆ ನೋಡ್ಕತೀವಿ, ಕೆಲ್ಸ ಮಾಡ್ಬೇಡ, ಅಡಿಗೆ ಮಾಡ್ಬೇಡ, ನಾಳೇನೇ ತಾಂಬೂಲ ಬದಲಾಯಿಸ್ಕಳಾಣ ಅಂತಾರೆ. ತಡ ಮಾಡಿದ್ರೆ ಬೇರೆಯೋರು ಎತ್ತಾಕ್ಕೊಂಡು ಹೋಗ್ತಾರೆ ಅಂತ ಭಯ. ನಿಂಗೇನಿಷ್ಟ ಅಂತ ಒಬ್ರೂ ಕೇಳ್ಲಿಲ್ಲ."

"ನಿಮಗೇನಿಷ್ಟ?" ಎಂದ ಪರಮೇಶ. ಬಾಯಿಮಾತಿಗೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆನಿಸಿತ್ತು.

ಅವಳು ಮೂಲೆಗೆ ಹೋಗಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ನೀರು ಕುಳುಕುಳು ಎಂದಿತು. ಇನ್ನೊಂದನ್ನೂ ಅಲ್ಲಾಡಿಸಿ ನೋಡಿ ಅವನ ಕೈಗಿಟ್ಟಳು. "ಟೈಮ್ ಇಷ್ಟ. ಇದ್ರ ನೀರು ಇಂಗಿ, ಒಳಗೆ ಕೊಬ್ಬರಿ ಗೊಟಗೊಟ ಅನ್ನೋ ತನಕ ಇಬ್ರೂ ಮಾತಾಡಾಣ, ಓಡಾಡಾಣ. ಆಮೇಲೆ ಹೂಂ ಅಂತೀನೋ ಊಹೂಂ ಅಂತೀನೋ ಈಗ್ಲೇ ಹೇಳಾಕಾಗಲ್ಲ. ಕಾಯ್ತೀರಾ?"

"ಕಾಯ್ತೀನಿ," ಎಂದ. ಅವಳು ಮೊದಲಿನ ಕಾಯಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಏಣಿ ಇಳಿದಳು.

ಊರಿನಲ್ಲಿ ಕೇಳಬೇಕೇ? "ಕೈಗೆ ಬಂದ ಹೆಣ್ಣನ್ನ ಬಿಟ್ಟು ಕಾಯಿ ಅಲ್ಲಾಡಿಸ್ಕಂಡು ಕೂತವ್ನಲ್ಲಾ" ಎಂದು ತೋಂಟದಾರ್ಯ ಕೂಗಾಡಿದ. ಸೋಫಾ ಒಯ್ಯಲು ಬಂದ ಹಾಲಸ್ವಾಮಿ ಗುಟ್ಟು ಬಯಲಾದದ್ದು ತಿಳಿದು, "ನಮ್ಮೆಲ್ಲರ ಹೊಟ್ಟೆ ಮೇಲೂ ಹೊಡ್ದೆ ಕಣ್ಲಾ" ಎಂದು ಮುನಿಸಿಕೊಂಡ. ಸಿದ್ದಗಂಗಮ್ಮ ಮಾತ್ರ, "ಆ ಮಗೀಗೆ ಬುದ್ಧಿ ಐತೆ, ಬುಡು" ಎಂದಳು.

ಪರಮೇಶ ಸಂತೆಯ ನೆಪದಲ್ಲಿ ತುರುವೇಕೆರೆಗೆ ಹೋಗುತ್ತಿದ್ದ. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಕಾಫಿ ಕುಡಿಯುತ್ತಿದ್ದರು. ಅವಳಿಗೆ ಅಂಗಡಿ ಕೆಲಸ ಬಿಡುವ ಮನಸ್ಸಿಲ್ಲವೆಂದು ಅವನಿಗೆ ತಿಳಿಯಿತು. ಅವನು ಉಪ್ಸಾರು ಚೆನ್ನಾಗಿ ಮಾಡುತ್ತಾನೆಂದು, ಅವನ ಅವ್ವ ಪ್ರತಿ ಸಲವೂ ರೇಷ್ಮೆ ಸೀರೆ ತೆಗೆದು ಮತ್ತೆ ಮಡಿಸಿಡುತ್ತಿದ್ದಳೆಂದು, ಅಪ್ಪ ಸತ್ತ ವರ್ಷ ಯಾರಿಗೂ ಕಾಣದಂತೆ ತೋಟದಲ್ಲಿ ಕೂತು ಅತ್ತಿದ್ದನೆಂದು ಅವಳಿಗೆ ತಿಳಿಯಿತು. ಒಮ್ಮೆ ಜಗಳವೂ ಆಯಿತು. ಅವಳಿಗೆ ಬೇರೆ ಸಂಬಂಧಗಳು ಬರುತ್ತಲೇ ಇದ್ದವು. ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರು ಕಾರು ಕಳಿಸಿದ್ದರೆಂದು ಅವಳೇ ಹೇಳಿದಾಗ ಮಾತಿಗೆ ಮಾತು ಬೆಳೆಯಿತು. ಆ ದಿನ ಮನೆಗೆ ಬಂದ ಪರಮೇಶ ಊಟ ಮಾಡಲಿಲ್ಲ. ಸೋತುಹೋಗುತ್ತೇನೆ ಎಂಬ ಭಯ ಒಂದು ಕಡೆ. ಅದಕ್ಕಿಂತ, ಇವಳನ್ನು ಇಷ್ಟು ಹಚ್ಚಿಕೊಂಡೆನಲ್ಲ ಎಂಬ ಸಂಕಟ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಯಿ ಅಲ್ಲಾಡಿಸಿದಾಗ ನೀರಿನ ಸದ್ದಿರಲಿಲ್ಲ. ಒಳಗೆ ಕೊಬ್ಬರಿ ಗೊಟಗೊಟ ಎಂದಿತು.

ಹೇಳಬೇಕಿತ್ತು, ಹೇಳಲಿಲ್ಲ. ಅವಳು ಫೋನಿನಲ್ಲಿ ಕೇಳಿದಾಗ, "ಇನ್ನೂ ನೀರೈತೆ ಕಣ್ರೀ" ಎಂದ. ಮುಂದಿನ ವಾರವೂ ಅದನ್ನೇ ಅಂದ. ಅವಳು ಊಹೂಂ ಎಂದರೆ ವಾರಕ್ಕೊಂದು ಕಾಫಿಯೂ ಇರುವುದಿಲ್ಲ. ಅಟ್ಟದ ಮೇಲೆ ಧೈರ್ಯವಾಗಿ ನಿಜ ಹೇಳಿದ್ದವನಿಗೆ ಒಂದು ಕಾಯಿಯ ನಿಜ ಹೇಳಲು ಬಾಯಿ ಬರಲಿಲ್ಲ.

ಯುಗಾದಿಯ ಹಿಂದಿನ ದಿನ ಇನ್ನು ತಡೆಯಲಾರದೆ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ತುರುವೇಕೆರೆಗೆ ಹೋದ. ಔಷಧಿ ಅಂಗಡಿಯಲ್ಲಿ ಗಿರಾಕಿಗಳು ಕರಗುವವರೆಗೂ ಕಾದ. ಆಮೇಲೆ ಕಾಯಿಯನ್ನು ಅವಳ ಮುಂದಿಟ್ಟು, "ಇದು ಒಣಗಿ ಬಾಳ ದಿನ ಆಯ್ತು. ನಿಮ್ಗೆ ಸುಳ್ಳು ಹೇಳ್ತಿದ್ದೆ. ನೀವು ಬ್ಯಾಡ ಅಂದ್ಬುಟ್ರೆ ಏನ್ಮಾಡದು ಅಂತ ಭಯ ಆಯ್ತು," ಎಂದ.

ಇಂಪನಾ ಬಗ್ಗಿ ಕೌಂಟರಿನ ಕೆಳಗಿನಿಂದ ಸಿಪ್ಪೆ ಬಣ್ಣಗೆಟ್ಟ ಇನ್ನೊಂದು ಕಾಯಿ ತೆಗೆದು ಅವನ ಕಾಯಿಯ ಪಕ್ಕಕ್ಕಿಟ್ಟಳು. ಅಟ್ಟದಿಂದ ಅವಳು ಒಯ್ದಿದ್ದ ಕಾಯಿ ಅದು.

"ನಂದು ಶಿವರಾತ್ರಿಗೂ ಮುಂಚೇನೇ ಒಣಗ್ತು," ಎಂದಳು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು. "ನೀವಾಗೇ ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ."

"ಹಂಗಾರೆ..." ಎಂದ ಪರಮೇಶ.

"ನಿಮ್ಮವ್ವಂಗೆ ಸೀರೆ ತೆಗಿಯಾಕೆ ಹೇಳ್ರೀ," ಎಂದಳು ಇಂಪನಾ. "ಸೋಫಾ ಮಾತ್ರ ತರಿಸ್ಬ್ಯಾಡಿ. ನಾವು ಚಾಪೆ ಮೇಲೇ ಕೂತ್ಕತೀವಿ."