ಕಣ್ಣು ಮುಚ್ಚಿದ ಮದುಮಗಳು

"ನಾನು ಯಾರಿಗೂ 'ನಗಿ' ಅಂತ ಹೇಳಲ್ಲಮ್ಮ," ಎಂದ ಮೂರನೆಯ ಫೋಟೋಗ್ರಾಫರ್. "ನಾನು ಅಲ್ಲಿದೀನಿ ಅನ್ನೋದನ್ನೇ ಜನ ಮರೀಬೇಕು. ಆಗ ತೆಗೀತೀನಿ. ಆಮೇಲೆ ಫೋಟೋ ನೋಡಿ ಜಗಳಕ್ಕೆ ಬಂದವರೂ ಇದಾರೆ, ಮೊದಲೇ ಹೇಳಿಬಿಡ್ತೀನಿ."

ತೊಡೆಯ ಮೇಲಿನ ಮಾದರಿ ಆಲ್ಬಮ್ಮಿನ ಪುಟ ತಿರುವುತ್ತಿದ್ದ ಚಿಕ್ಕಸೊಸೆಯ ಕೈ ನಿಂತಿತು. ಪುಟದಲ್ಲಿ ಯಾರದೋ ಮನೆಯ ಹಿರಿಯ ಹೆಂಗಸೊಬ್ಬಳು ಪಕ್ಕದವಳ ಸರವನ್ನು ಓರೆಗಣ್ಣಿನಲ್ಲೇ ತೂಗುತ್ತಿದ್ದಳು. ಇನ್ನೊಂದರಲ್ಲಿ ಮದುಮಗನ ತಂದೆ ಊಟದ ಸಾಲನ್ನು ನೋಡುತ್ತ, ಕರೆಯದೆ ಬಂದವರು ಯಾರ್ಯಾರು ಎಂದು ಹುಡುಕುವ ಮುಖ ಹೊತ್ತು ನಿಂತಿದ್ದ.

"ಇವರೇ ಇರಲಿ," ಎಂದಳು.

ಪಕ್ಕದಲ್ಲಿ ಕೂತಿದ್ದ ಮದುವೆ ಹುಡುಗಿ ಪಿಸುಗುಟ್ಟಿದಳು. "ಅಮ್ಮಂಗೆ ಮೊದಲನೇ ಸ್ಟುಡಿಯೋನೇ ಇಷ್ಟ ಆಗ್ತಿತ್ತೇನೋ ಚಿಕ್ಕಮ್ಮ. ಅಲ್ಲಿ ಎಲ್ಲರೂ ಬೆಳ್ಳಗೆ ಬರ್ತಾರೆ."

"ಬೆಳ್ಳಗೆ ಬರೋಕೆ ನಾವೇನು ಗೋಡೆಗೆ ಸುಣ್ಣ ಹೊಡೆಸ್ತಿದೀವಾ?"

ಹುಡುಗಿ ನಕ್ಕಳು. ಹೆತ್ತವಳು ದೊಡ್ಡಸೊಸೆಯಾದರೂ ಈ ಹುಡುಗಿಗೆ ಜಡೆ ಹೆಣೆದದ್ದು, ಮಗ್ಗಿ ಕಲಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಚಿಕ್ಕಸೊಸೆಯೇ. ಸ್ವಂತ ಮಕ್ಕಳಿಲ್ಲದ ಅವಳಿಗೆ ಆ ಮನೆಯಲ್ಲಿ ತನ್ನದು ಎಂದಿದ್ದದ್ದು ಈ ಹುಡುಗಿಯ ಪ್ರೀತಿಯೊಂದೇ.

ದೊಡ್ಡಸೊಸೆಗೆ ಮಂಡಿನೋವು, ಸ್ಟುಡಿಯೋಗಳ ಮೆಟ್ಟಿಲು ಹತ್ತಲಾರಳು. ಅದಕ್ಕೇ ಈ ಕೆಲಸ ಚಿಕ್ಕಸೊಸೆಯ ಪಾಲಿಗೆ ಬಂದಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಚಿಕ್ಕಸೊಸೆಯ ಮದುವೆಯ ಫೋಟೋಗಳ ಕಟ್ಟು ಮನೆಗೆ ಬಂದಾಗ, ಆಲ್ಬಮ್ಮಿಗೆ ಯಾವುದು ಸೇರಬೇಕೆಂದು ಆರಿಸಿದವಳು ದೊಡ್ಡಸೊಸೆ. ತಾನು ಚಂದ ಕಂಡದ್ದನ್ನೆಲ್ಲ ಇಟ್ಟುಕೊಂಡಳು. ಅವುಗಳಲ್ಲಿ ಮದುಮಗಳು ಕಣ್ಣು ಮುಚ್ಚಿದ್ದಳು, ಇಲ್ಲವೇ ಬಾಯಿ ತೆರೆದಿದ್ದಳು. ಒಂದರಲ್ಲಂತೂ ಎರಡೂ ಆಗಿತ್ತು. ಉಳಿದವನ್ನು ಸ್ಟುಡಿಯೋಗೇ ಹಿಂದಿರುಗಿಸಿದಳಂತೆ. ಅಂದಿನಿಂದ ಮನೆಗೆ ಬಂದ ನೆಂಟರಿಗೆ ಕಾಫಿಗಿಂತ ಮೊದಲು ಆ ಆಲ್ಬಂ ಬರುತ್ತಿತ್ತು. "ಮದುಮಗಳಿಗೆ ನಿದ್ದೆ ಸಾಲದಾಗಿತ್ತೇನೋ," ಎಂದು ಅವರು ನಗುವುದು, "ಪಾಪ, ಅವಳ ಮುಖಾನೇ ಹಾಗೆ," ಎಂದು ದೊಡ್ಡಸೊಸೆ ಸಮಾಧಾನ ಹೇಳುವುದು, ಒಳಗೆ ಲೋಟ ತೊಳೆಯುತ್ತಿದ್ದವಳು ಅದನ್ನು ನುಂಗಿಕೊಳ್ಳುವುದು. ಎಷ್ಟು ಸಲ ಎಂದು ಕೇಳಬಾರದು.

ಚಿಕ್ಕಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಎದುರಿಗೆ ಕನ್ನಡಿ ಹಿಡಿದಾಗ ಗಿರಾಕಿಗಳು ಒಂದು ಮುಖ ಹಾಕಿಕೊಳ್ಳುತ್ತಾರೆ, ಕನ್ನಡಿ ಸರಿಸಿದ ಕೂಡಲೇ ಇನ್ನೊಂದು ಬರುತ್ತದೆ. ಓರಗಿತ್ತಿಯ ಆ ಇನ್ನೊಂದು ಮುಖ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅದು ನೆಂಟರಿಷ್ಟರಿಗೆಲ್ಲ ಕಾಣಬೇಕು, ದಪ್ಪ ಹಾಳೆಯಲ್ಲಿ ಅಚ್ಚಾಗಿ ಕಾಫಿಗಿಂತ ಮೊದಲು ಬರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾಡಿದ್ದುಣ್ಣೋ ಮಹಾರಾಯ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಹುಡುಗಿ ಮೆಟ್ಟಿಲಿಳಿದ ಮೇಲೆ ಅವಳು ಹಿಂದೆ ಉಳಿದಳು. "ಮದುಮಗಳ ತಾಯಿ ಮೇಲೆ ಸ್ವಲ್ಪ ಹೆಚ್ಚು ಗಮನ ಇರಲಿ."

"ನನ್ನ ಗಮನ ಎಲ್ಲರ ಮೇಲೂ ಇರುತ್ತಮ್ಮ," ಎಂದು ಅವನು ಲೆನ್ಸ್ ಒರೆಸತೊಡಗಿದ.

ಮದುವೆಯ ದಿನ ಅವನು ನೀರಿಗೆ ಬಿದ್ದ ಉಪ್ಪಿನ ಹಾಗೆ ಜನರಲ್ಲಿ ಕರಗಿಹೋದ. ಅವನನ್ನು ಆರಿಸಿದವಳಿಗೇ ಅರ್ಧ ಗಂಟೆಯಲ್ಲಿ ಅವನು ಮರೆತುಹೋದ.

ಹತ್ತು ದಿನ ಬಿಟ್ಟು ಎರಡು ಸಾವಿರ ಫೋಟೋ ಬಂದವು. ಒಂದು ಪ್ರತಿ ಹುಡುಗಿಯ ಗಂಡನ ಮನೆಗೂ ಹೋಗಿತ್ತು. ಆಲ್ಬಮ್ಮಿಗೆ ಆರಿಸುವುದು ಚಿಕ್ಕಮ್ಮನೇ ಎಂದು ಮೊದಲೇ ಮಾತಾಗಿತ್ತು. ಭಾನುವಾರ ಬೆಳಿಗ್ಗೆ ಹುಡುಗಿ ಫೋನ್ ಮಾಡಿದಳು. "ನಾನು ಎಲ್ಲಾನೂ ನೋಡಿದೆ ಚಿಕ್ಕಮ್ಮ. ಯಾವುದು ಹಾಕಬೇಕು ಅನ್ನೋದು ನಿಮಗೇ ಬಿಟ್ಟಿದ್ದು." ಅಷ್ಟೇ ಹೇಳಿ ಇಟ್ಟುಬಿಟ್ಟಳು. ಫೋನ್ ಹಿಡಿದರೆ ಅರ್ಧ ಗಂಟೆ ಬಿಡದ ಹುಡುಗಿ. ಹೊಸ ಮನೆ, ಕೆಲಸವಿರುತ್ತದೆ ಎಂದುಕೊಂಡಳು ಚಿಕ್ಕಸೊಸೆ.

ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತಳು. ಫೋಟೋಗ್ರಾಫರ್ ಮಾತಿಗೆ ತಪ್ಪಿರಲಿಲ್ಲ. ಬೀಗಿತ್ತಿಯ ಸೀರೆ ನೋಡಿ ಮೂಗು ಮುರಿಯುವ ದೊಡ್ಡಸೊಸೆ. ಬಡಿಸುವವನ ಮೇಲೆ ಹಲ್ಲು ಕಡಿಯುವ ದೊಡ್ಡಸೊಸೆ. ಉಡುಗೊರೆಯ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವ ದೊಡ್ಡಸೊಸೆ. ಒಂದೊಂದನ್ನೂ ಬೇರೆ ತೆಗೆದಿಡುವಾಗ ಚಿಕ್ಕಸೊಸೆಗೆ ಆದ ಸುಖ ಸಣ್ಣದಲ್ಲ.

ಕೊನೆಗೆ ಅದು ಬಂತು. ಮದುಮಗಳು ಕಾರು ಹತ್ತುವ ಮುಂಚಿನ ಗಳಿಗೆ. ದೊಡ್ಡಸೊಸೆ ಮಗಳನ್ನು ತಬ್ಬಿಕೊಂಡಿದ್ದಾಳೆ. ಮುಖ ಕ್ಯಾಮೆರಾದ ಕಡೆ ತಿರುಗಿದೆ, ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಎರಡೂ. ಇಪ್ಪತ್ತೆರಡು ವರ್ಷ ಕಾದದ್ದು ಇದಕ್ಕೇ. ಚಿಕ್ಕಸೊಸೆ ಫೋಟೋವನ್ನು ಪರದೆಯ ತುಂಬ ದೊಡ್ಡದು ಮಾಡಿದಳು.

ಆಗ ಬಲಗಡೆಯ ಅಂಚಿನಲ್ಲಿ ಇನ್ನೊಬ್ಬಳು ಕಂಡಳು. ಸುತ್ತಲಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಓರಗಿತ್ತಿಯ ಬೆನ್ನ ಹಿಂದೆ ನಿಂತು ಆ ಅಳು ಕೇಳುತ್ತಿದ್ದ ಅವಳೊಬ್ಬಳು ನಗುತ್ತಿದ್ದಳು. ಹಲ್ಲು ಕಾಣುವ ನಗುವಲ್ಲ. ತುಟಿಯ ಒಂದು ತುದಿ ಮಾತ್ರ ಮೇಲೆದ್ದಿತ್ತು, ಕಣ್ಣುಗಳು ಚೆನ್ನಾಗಿ ತೆರೆದಿದ್ದವು. ಹಾಗೆ ನಕ್ಕದ್ದು ಚಿಕ್ಕಸೊಸೆಗೆ ನೆನಪೇ ಇರಲಿಲ್ಲ. ಆದರೆ ಮುಖ ತನ್ನದೇ. ಮದುಮಗಳು ತಾಯಿಯ ಹೆಗಲ ಮೇಲಿಂದ ನೆಟ್ಟಗೆ ಆ ಮುಖವನ್ನೇ ನೋಡುತ್ತಿದ್ದಳು.

ಬೆಳಗಿನ ಫೋನು ನೆನಪಾಯಿತು. 'ನಾನು ಎಲ್ಲಾನೂ ನೋಡಿದೆ ಚಿಕ್ಕಮ್ಮ.'

ಬಲಗಡೆಯಿಂದ ಫೋಟೋವನ್ನು ಕತ್ತರಿಸಿದಳು. ನಗುತ್ತಿದ್ದವಳು ಹೋದಳು. ಹುಡುಗಿಯ ನೋಟ ಹೋಗಲಿಲ್ಲ. ಇನ್ನಷ್ಟು ಕತ್ತರಿಸಿದಳು. ಓರಗಿತ್ತಿಯ ಬೆನ್ನು ಅರ್ಧ ಹೋಯಿತು.

"ಏನೇ, ನನ್ನದು ಒಂದಾದ್ರೂ ಚೆನ್ನಾಗಿ ಬಂದಿದೆಯಾ?" ದೊಡ್ಡಸೊಸೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಆಚೆ ಕೋಣೆಯಿಂದ ಕೇಳಿದಳು.

"ನೋಡ್ತಾ ಇದೀನಿ ಅಕ್ಕ."

ಪರದೆಯಲ್ಲಿ ಹುಡುಗಿ, ಈಗ ಯಾರೂ ಇಲ್ಲದ ಅಂಚಿನ ಕಡೆಗೆ, ಹಾಗೇ ನೋಡುತ್ತಿದ್ದಳು.